ಮುಂದಿನ ಹಲ್ಲಿನ ಸಂದು

ಹೊಸ ದೇಶಕ್ಕೆ ಬಂದು ಐದು ತಿಂಗಳಾಗುತ್ತ ಬಂದರೂ ಅವಳಿಗೆ ಅಲ್ಲಿಯ ಮುಖಗಳಿಗಿಂತ ಬಾಯಿಗಳ ಪರಿಚಯವೇ ಹೆಚ್ಚು. ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಬಾಗಿಲು ದೂಡಿಕೊಂಡು ಒಳಗೆ ಹೋದರೆ ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಒಂದೊಂದರ ಜೊತೆಗೂ ದಂತವೈದ್ಯರ ಚೀಟಿ. ಸ್ಪಿರಿಟ್ ದೀಪ ಹಚ್ಚಿ, ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ, ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಹನ್ನೊಂದು ವರ್ಷದಿಂದ ಕೈಗೆ ಹತ್ತಿದ ಕಸುಬು.

"ಬಾಯಿ ಕೆಲಸ ಮಾಡೋಳಿಗೆ ದೇವರು ಬಾಯೇ ಕೊಡಲಿಲ್ಲ ನೋಡು," ಎಂದು ಅತ್ತಿಗೆ ಆಡಿಕೊಳ್ಳುತ್ತಿದ್ದರು.

ಅತ್ತಿಗೆ ಎಂದರೆ ಗಂಡನ ಅಕ್ಕ. ಆ ಊರಿನಲ್ಲಿ ಹದಿನಾರು ವರ್ಷದಿಂದ ಸಿಟಿ ಬಸ್ಸು ಓಡಿಸುವವರು. ಮನೆಯೊಳಗೂ ಹಿಂದಿನ ಸೀಟಿನವರಿಗೆ ಕೇಳಿಸಬೇಕು ಎನ್ನುವ ಹಾಗೆ ಮಾತಾಡುವವರು. ತನ್ನೂರಿನಲ್ಲಿ ಅವಳಿಗೆ ಕಸುಬು ಕಲಿಸಿದ ಮೇಷ್ಟ್ರಿಗೆ ವಯಸ್ಸಾಗಿ ಅವರ ಲ್ಯಾಬು ಮುಚ್ಚಿದಾಗ, ಗಂಡನ ವಾಚ್ ರಿಪೇರಿ ಅಂಗಡಿಗೆ ವಾಚು ತರುವವರೇ ಇಲ್ಲದಂತಾದಾಗ, ಅವಳನ್ನು ಇಲ್ಲಿಗೆ ಕರೆಸಿಕೊಂಡವರು ಅವರೇ. ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿಕೊಂಡಿದ್ದಾಗ ಎದುರಿನ ಗಾಜಿನ ಕಿಟಕಿಯಲ್ಲಿ 'ಹಲ್ಲು ಜೋಡಿಸುವವರು ಬೇಕು' ಎಂಬ ಚೀಟಿ ಕಂಡಿತಂತೆ. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಒಳಗೆ ನುಗ್ಗಿ, "ನಮ್ಮ ತಮ್ಮನ ಹೆಂಡತಿ ಇದ್ದಾಳೆ, ಅವಳಂಥ ಕೈ ನಿಮಗೆ ಸಿಗಲ್ಲ," ಎಂದು ಹೇಳಿ ಬಂದಿದ್ದರು. ಅವಳು ಮಾಡಿದ ಸೆಟ್ಟುಗಳ ಫೋಟೋಗಳು ಉಳಿದ ಮಾತನ್ನು ಆಡಿದ್ದವು. ಮೂರನೇ ಮಹಡಿಯ ಮನೆಯಲ್ಲಿ ತಾವು ಇಸ್ತ್ರಿ ಮೇಜು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಮಂಚ ಹಾಕಿ, ಕಿಟಕಿಗೆ ಹೊಸ ಪರದೆ ಕಟ್ಟಿಕೊಟ್ಟಿದ್ದರು. ಆ ಪರದೆ ಸರಿಸಿದಾಗಲೆಲ್ಲ ಅವಳಿಗೆ ಅತ್ತಿಗೆಯ ಋಣ ನೆನಪಾಗುತ್ತಿತ್ತು. ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಅದರ ಬದಲು ಅತ್ತಿಗೆ ಎದ್ದೇಳುವ ಮೊದಲೇ ಅವರ ಊಟದ ಡಬ್ಬಿ ಕಟ್ಟಿಡುತ್ತಿದ್ದಳು.

ಗಂಡ ಮತ್ತು ಮಗಳು ಇನ್ನೂ ಊರಲ್ಲೇ ಇದ್ದರು. ಲ್ಯಾಬಿನ ಯಜಮಾನಿ ಐದು ತಿಂಗಳು ಕೆಲಸ ನೋಡಿ, ಕಾಯಂ ಎಂದು ಕಾಗದಕ್ಕೆ ಸಹಿ ಹಾಕಿದರೆ ಮಾತ್ರ ಅವರಿಬ್ಬರ ಅರ್ಜಿ ಮುಂದೆ ಹೋಗುವುದು. ಈ ತಿಂಗಳೊಳಗೆ ಅರ್ಜಿ ಹೋದರೆ ಶಾಲೆ ಶುರುವಾಗುವ ಹೊತ್ತಿಗೆ ಇಬ್ಬರೂ ಬರಬಹುದು. ತಪ್ಪಿದರೆ ಇನ್ನೊಂದು ವರ್ಷ. ಶುಕ್ರವಾರ ಸಹಿ ಹಾಕುತ್ತೇನೆಂದು ಯಜಮಾನಿ ತಾವಾಗಿಯೇ ಹೇಳಿದ್ದರು. ಶುಕ್ರವಾರಕ್ಕೆ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಅತ್ತಿಗೆ ದೊಡ್ಡ ಸುತ್ತು ಹಾಕಿದ್ದರು, ಬಸ್ಸಿನ ಚಕ್ರದಷ್ಟು.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಡಿಗೆಮನೆಯ ಕಟ್ಟೆಗೆ ಫೋನು ಒರಗಿಸಿ ಅವರಿಬ್ಬರನ್ನೂ ನೋಡುತ್ತಿದ್ದಳು. ಮಗಳಿಗೆ ಆರೂವರೆ ವರ್ಷ. ಬಾಯಿ ತೆರೆದರೆ ಮುಚ್ಚದ ಅವಳಿಗೆ ಅಪ್ಪ ಇಟ್ಟ ಹೆಸರು ಪಟಾಕಿ. ಈಚೆಗೆ ಪಟಾಕಿಯ ಮುಂದಿನ ಎರಡೂ ಹಾಲುಹಲ್ಲು ಬಿದ್ದಿದ್ದವು.

"ಅಮ್ಮ ಊರಿಗೆಲ್ಲ ಹಲ್ಲು ಕಟ್ತಾಳೆ, ಮಗಳು ನೋಡಿದರೆ ಬೋಳುಬಾಯಿ," ಎಂದು ಗಂಡ ಹಿಂದಿನಿಂದ ನಗುತ್ತಿದ್ದ.

"ಅಪ್ಪ, ನೀನು ಸುಮ್ನಿರು. ಅಮ್ಮಾ, ನನಗೂ ಎರಡು ಮಾಡಿ ಕಳಿಸು. ತುಂಬ ಬಿಳೀದು ಬೇಡ, ಟೀಚರಿಗೆ ಗೊತ್ತಾಗುತ್ತೆ."

"ನಿಂದೇ ಬರುತ್ತೆ ಕಣೇ, ಕಾಯಿ."

"ಬರೋವಾಗ ನೀನು ಇರ್ತೀಯಾ?"

ಅವಳು ಕಟ್ಟೆಯ ಮೇಲಿನ ಲೋಟವನ್ನು ಅತ್ತ ಇತ್ತ ಸರಿಸಿದಳು. "ಶುಕ್ರವಾರ ಹೇಳ್ತೀನಿ," ಎಂದಳು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಒಂದನ್ನು ಬಿಟ್ಟು. ಅವಳಿಗೆ ಲ್ಯಾಬಿನ ಫೋನ್ ಎಂದರೆ ಜೀವ ಹೋಗುತ್ತಿತ್ತು. ಅಲ್ಲಿಯ ಭಾಷೆಯನ್ನು ಪದವಿಯಲ್ಲಿ ಓದಿದ್ದಳು, ಚೀಟಿಗಳನ್ನು ತಡವರಿಸದೆ ಓದುತ್ತಿದ್ದಳು. ಎದುರಿಗೆ ನಿಂತವರ ಬಾಯಿ ಕಂಡರೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಫೋನಿನಲ್ಲಿ ಬಾಯೇ ಕಾಣುವುದಿಲ್ಲವಲ್ಲ! ಮೊದಲ ದಿನವೇ ಯಜಮಾನಿ ಲ್ಯಾಬಿನ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಹೇಳಿದ್ದರು: ಚೀಟಿಯಲ್ಲಿ ಯಾವುದಾದರೂ ಜಾಗ ಖಾಲಿ ಇದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಬೇಕು. ಇದುವರೆಗೆ ಅಂಥ ಚೀಟಿ ಬಂದಾಗಲೆಲ್ಲ ಅವಳು ಅದನ್ನು ಮೆಲ್ಲಗೆ ಪಕ್ಕದ ಮೇಜಿನವರ ತಟ್ಟೆಗೆ ಸರಿಸಿ, ಅವರ ಒಂದು ಕಷ್ಟದ ಕೆಲಸವನ್ನು ತಾನು ಎತ್ತಿಕೊಳ್ಳುತ್ತಿದ್ದಳು. ಪಾಪ, ಒಳ್ಳೆಯವಳು ಎಂದು ಎಲ್ಲರೂ ಅಂದುಕೊಂಡಿದ್ದರು.

ಹೋದ ವಾರ ಹಾಗೆ ಸರಿಸಲು ಆಗಲಿಲ್ಲ. ಪಕ್ಕದ ಮೇಜಿನವರು ರಜೆ ಹಾಕಿದ್ದರು. ಬಂದದ್ದು ಒಬ್ಬ ಅಜ್ಜಿಯ ಮೇಲಿನ ಸೆಟ್ಟು. ಮೇಣದಲ್ಲಿ ಜೋಡಿಸಿ, ಬಾಯಿಗಿಟ್ಟು ನೋಡಿ, ಒಪ್ಪಿಗೆಯಾದ ಮೇಲೆ ಪಕ್ಕಾ ಮಾಡುವುದು ವಾಡಿಕೆ. ಈ ಚೀಟಿಯಲ್ಲಿ ಮಾತ್ರ, 'ಅವಸರವಿದೆ, ನೇರವಾಗಿ ಮುಗಿಸಿ ಕಳಿಸಿ' ಎಂದಿತ್ತು. ಮುಂದಿನ ಹಲ್ಲುಗಳು ಹೇಗಿರಬೇಕು ಎಂಬ ಜಾಗ ಖಾಲಿ. ಜೊತೆಗೆ ಅಜ್ಜಿಯ ಒಂದು ಹಳೆಯ ಫೋಟೋ. ಇಪ್ಪತ್ತೈದರ ಹರೆಯದ ಹುಡುಗಿ ಯಾವುದೋ ಗೋಡೆಗೆ ಒರಗಿ ನಗುತ್ತಿದ್ದಳು. ಮುಂದಿನ ಎರಡು ಹಲ್ಲಿನ ನಡುವೆ ಅಕ್ಕಿಕಾಳು ತೂರುವಷ್ಟು ಸಂದು.

ಅವಳು ಫೋನಿನ ಕಡೆ ನೋಡಿದಳು. ಫೋನು ಅವಳ ಕಡೆ ನೋಡಿತು. ಅವಳಿಗೆ ಊರಿನ ಮೇಷ್ಟ್ರು ನೆನಪಾದರು. ಅವರೂ ಹಳೆಯ ಫೋಟೋ ತರಿಸುತ್ತಿದ್ದರು. "ಎಲ್ಲರ ಬಾಯಲ್ಲೂ ಒಂದೇ ಥರದ ಹಲ್ಲು ಕೂರಿಸೋಕೆ ಇದೇನು ಬಾಚಣಿಗೆ ಅಂಗಡಿನಾ? ಅವರ ಬಾಯಿ ಅವರದ್ದಾಗಿರಬೇಕು," ಎನ್ನುತ್ತಿದ್ದರು. ಅವಳಿಗೆ ಧೈರ್ಯ ಬಂತು. ಫೋಟೋ ಎದುರಿಗಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಆ ಸಂದನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ತಂದಳು. ಐದು ತಿಂಗಳಲ್ಲಿ ಅಷ್ಟು ಚೆಂದದ ಕೆಲಸ ಅವಳ ಕೈಯಿಂದ ಆಗಿರಲಿಲ್ಲ. ಸೋಮವಾರ ಡಬ್ಬಿಗೆ ಹಾಕಿ ಕಳಿಸುವಾಗ ಯಾರೂ ನೋಡದಂತೆ ಒಮ್ಮೆ ಬೆರಳಿನಿಂದ ಸವರಿದ್ದಳು ಕೂಡ.

ಗುರುವಾರ ಬೆಳಿಗ್ಗೆ ಡಬ್ಬಿ ವಾಪಸು ಬಂತು.

ಯಜಮಾನಿ ಕೂಗಾಡುವ ಪೈಕಿಯಲ್ಲ. ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ಕನ್ನಡಕವನ್ನು ಏರಿಸಿ, ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು, ಚೀಟಿಯ ಮೇಲೆ ಬೆರಳಿಟ್ಟರು.

"ಕನ್ನಡಿ ನೋಡ್ಕೊಂಡು ಆ ಅಜ್ಜಿ ಅತ್ತುಬಿಟ್ಟರಂತೆ. ಸಂತೋಷಕ್ಕಲ್ಲ. ಈ ಜಾಗ ಖಾಲಿ ಇದೆ. ಖಾಲಿ ಇದ್ದರೆ ಏನು ಮಾಡ್ಬೇಕು?"

"ಫೋನ್ ಮಾಡಿ ಕೇಳ್ಬೇಕು."

"ಮಾಡಿದ್ರಾ?"

ಲೈನ್ ಸಿಗಲಿಲ್ಲ ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದೂ ಇತ್ತು. ನಾಳೆ ಶುಕ್ರವಾರ. ಅವಳ ಕಣ್ಣ ಮುಂದೆ ಕ್ಯಾಲೆಂಡರಿನ ಆ ಸುತ್ತು ಗಿರ್ರನೆ ತಿರುಗಿತು. ಅದರ ಹಿಂದೆಯೇ ಪಟಾಕಿಯ ಬೋಳುಬಾಯಿ. ಆದರೂ ಆ ಅಜ್ಜಿ ಅತ್ತರೆಂಬ ಮಾತಿನ ಮುಂದೆ ಆ ಸುಳ್ಳು ಹೊರಡಲಿಲ್ಲ.

"ಇಲ್ಲ," ಎಂದಳು. "ನನಗೆ ಫೋನ್ ಅಂದ್ರೆ ಭಯ. ಫೋಟೋ ನೋಡಿ ನಾನೇ ಊಹೆ ಮಾಡಿದೆ."

ಯಜಮಾನಿ ಚೀಟಿಯನ್ನು ಮಡಿಸಿ ಡಬ್ಬಿಯ ಮೇಲಿಟ್ಟರು. 

"ನಾಳೆ ನಾನು ಯಾವ ಕಾಗದಕ್ಕೆ ಸಹಿ ಹಾಕ್ಬೇಕು ಅಂತ ನಿಮಗೆ ಗೊತ್ತು," ಎಂದರು. "ಕೈ ಚೆನ್ನಾಗಿದೆ ಅಂತ ಬರೀಬಹುದು. ಆದರೆ ಕೇಳದೆ ಕೆಲಸ ಮಾಡೋ ಕೈಯನ್ನ ನಾನು ಕಾಯಂ ಮಾಡ್ಕೊಳ್ಳೋದು ಹೇಗೆ? ಸದ್ಯಕ್ಕೆ ಆಸ್ಪತ್ರೆಗೆ ಫೋನ್ ಮಾಡಿ. ಇಲ್ಲೇ, ಈಗಲೇ."

ಅವಳು ಚೀಲದಿಂದ ತನ್ನ ನೋಟ್‌ಬುಕ್ ತೆಗೆದಳು. ಹೇಳಬೇಕಾದ್ದನ್ನು ಮೊದಲೇ ಬರೆದುಕೊಳ್ಳುವುದು ಅವಳ ರೂಢಿ. ಮೂರು ಸಾಲು ಬರೆದಳು, ಒಂದನ್ನು ಹೊಡೆದುಹಾಕಿದಳು. ನಂಬರು ಒತ್ತಿದಳು. ಆಚೆ ಕಡೆಯವರು ಹಲೋ ಎಂದ ಕೂಡಲೇ ಬರೆದದ್ದೆಲ್ಲ ಇರುವೆಸಾಲಿನ ಹಾಗೆ ಚದುರಿಹೋಯಿತು.

"ನಾನು ಹಲ್ಲು ಜೋಡಿಸಿದವಳು," ಎಂದಳು. "ತಪ್ಪು ನನ್ನದು. ಅವರನ್ನೇ ಇಲ್ಲಿಗೆ ಕಳಿಸ್ತೀರಾ? ನಾನು ಅವರನ್ನೇ ಕೇಳಿ ಸರಿ ಮಾಡಬೇಕು."

ಯಜಮಾನಿಯ ಕನ್ನಡಕ ಮೂಗಿನಿಂದ ಜಾರಿ ದಾರಕ್ಕೆ ನೇತುಬಿತ್ತು. ಹಲ್ಲು ಕಟ್ಟಿಸಿಕೊಳ್ಳುವವರು ಲ್ಯಾಬಿಗೆ ಬಂದದ್ದೇ ಇಲ್ಲ. ಅವರದ್ದೇನಿದ್ದರೂ ಆಸ್ಪತ್ರೆಯ ಕುರ್ಚಿಯಲ್ಲಿ. ಆಚೆಯಿಂದ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಉತ್ತರ ಬಂತು: ಅಜ್ಜಿ ಅಲ್ಲೇ ಎರಡು ಬೀದಿ ಆಚೆ ಇರುವವರು, ಎರಡು ಗಂಟೆಗೆ ಬರುತ್ತಾರಂತೆ.

ಅವಳು ಫೋನ್ ಇಟ್ಟಳು. ಯಜಮಾನಿ ಕನ್ನಡಕ ಮತ್ತೆ ಏರಿಸಿಕೊಂಡು ತಮ್ಮ ಕೋಣೆಗೆ ಹೋದರು.

ಊಟದ ಹೊತ್ತಿಗೆ ಅತ್ತಿಗೆಗೆ ಫೋನ್ ಮಾಡಿ ನಡೆದದ್ದು ಹೇಳಿದಳು. ಅತ್ತಿಗೆ ಡಿಪೋದಲ್ಲಿ ಡಬ್ಬಿ ಬಿಚ್ಚುತ್ತಿದ್ದರು.

"ಇರು ಇರು. ಆಸ್ಪತ್ರೆಗೆ ಫೋನ್ ಮಾಡಿದ್ದು ಯಾರು? ನೀನಾ?"

"ಹೂಂ ಅತ್ತಿಗೆ."

"ಅಯ್ಯೋ, ಹಾಗಾದರೆ ನಾನು ತಪ್ಪು ನಂಬರಿಗೆ ಮಾತಾಡ್ತಾ ಇದೀನೇನೋ. ಇದು ನಮ್ಮ ಮನೆಯವಳು ಅಲ್ಲವೇ ಅಲ್ಲ."

"ನೀವು ನಗ್ತಾ ಇದೀರಿ. ನಾಳೆ ಸಹಿ ಹಾಕದೇ ಹೋದರೆ?"

ಅತ್ತಿಗೆ ಧ್ವನಿ ತಗ್ಗಿಸಿದರು. ಅದು ಅಪರೂಪ. "ನೋಡು, ಮೊದಲ ವರ್ಷ ನಾನು ಬಸ್ಸನ್ನ ತಪ್ಪು ರಸ್ತೆಗೆ ತಿರುಗಿಸಿಬಿಟ್ಟಿದ್ದೆ. ಒಳಗೆ ನಲವತ್ತು ಜನ. ಕೇಳೋಕೆ ನಾಚಿಕೆ, ಓಡಿಸ್ತಾನೇ ಇದ್ದೆ. ಕೊನೆಗೆ ನಿಲ್ಲಿಸಿ, ಹಿಂದೆ ತಿರುಗಿ, 'ದಾರಿ ತಪ್ಪಿದೀನಿ, ಯಾರಿಗಾದರೂ ಗೊತ್ತಾ?' ಅಂದೆ. ನಲವತ್ತೂ ಜನ ಒಟ್ಟಿಗೆ ದಾರಿ ಹೇಳಿದರು. ಇವತ್ತಿಗೂ ಅವರಲ್ಲಿ ಇಬ್ಬರು ನನ್ನ ಬಸ್ಸಿಗೇ ಕಾಯ್ತಾರೆ. ಹೋಗು, ಊಟ ಮಾಡು. ಅಜ್ಜಿ ಎದುರು ಬಾಯಿ ಬಿಡು."

ಊಟ ಸೇರಲಿಲ್ಲ. ಮೇಜು ಒರೆಸುತ್ತ ಅವಳು ಮೇಷ್ಟ್ರನ್ನು ಮತ್ತೆ ನೆನೆದಳು. ಈ ಸಲ ಪೂರ್ತಿಯಾಗಿ ನೆನಪಾದರು. ಹೌದು, ಅವರು ಫೋಟೋ ತರಿಸುತ್ತಿದ್ದರು. ಆದರೆ ಫೋಟೋ ಬಂದ ಮೇಲೆ ಒಂದು ಸ್ಟೂಲು ಎಳೆದು, ಬಂದವರನ್ನು ಎದುರಿಗೆ ಕೂರಿಸಿ, ಕೈಗೆ ಕನ್ನಡಿ ಕೊಟ್ಟು, ಅರ್ಧ ಗಂಟೆ ಹರಟೆ ಹೊಡೆಯುತ್ತಿದ್ದರು. ಯಾವಾಗ ತೆಗೆಸಿದ್ದು, ಯಾರು ಪಕ್ಕದಲ್ಲಿದ್ದರು, ಆಗ ನಿಮ್ಮ ಹಲ್ಲು ನಿಮಗೆ ಇಷ್ಟವಿತ್ತಾ ಎಂದು ಒಂದೊಂದಾಗಿ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಅವಳು ಮೂಲೆಯಲ್ಲಿ ತಲೆ ತಗ್ಗಿಸಿ ಮೇಣ ಕೆರೆಯುತ್ತಿದ್ದಳು. ಮೇಷ್ಟ್ರಿಂದ ಫೋಟೋ ನೋಡುವುದನ್ನು ಕಲಿತು, ಸ್ಟೂಲನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಎದ್ದು ಹೋಗಿ, ಸಾಮಾನಿನ ಕೋಣೆಯಿಂದ ಒಂದು ಸ್ಟೂಲು ತಂದು ತನ್ನ ಮೇಜಿನ ಎದುರಿಗೆ ಹಾಕಿದಳು. ಅದರ ಮೇಲಿದ್ದ ಪ್ಲಾಸ್ಟರಿನ ಧೂಳನ್ನು ಎರಡು ಸಲ ಒರೆಸಿದಳು.

ಅಜ್ಜಿ ಎರಡಕ್ಕೆ ಐದು ನಿಮಿಷವಿದ್ದಾಗಲೇ ಬಂದರು. ಪುಟ್ಟ ಆಕಾರ, ಬಾಯಿಗೆ ಅಡ್ಡವಾಗಿ ಕರವಸ್ತ್ರ. ಸುತ್ತಲ ಮೇಜುಗಳ ಮೇಲಿನ ದವಡೆಗಳನ್ನೆಲ್ಲ ನೋಡಿ, "ಇಷ್ಟು ಜನಕ್ಕೆ ಹಲ್ಲಿಲ್ಲವಾ! ನಾನೊಬ್ಬಳೇ ಅಂದುಕೊಂಡಿದ್ದೆ," ಎಂದರು. ಆಮೇಲೆ ಅವಳ ಕಡೆ ತಿರುಗಿದರು. "ನೀನೇನಾ ನನ್ನ ಹಳೇ ಶತ್ರೂನ ವಾಪಸು ತಂದು ಕೂರಿಸಿದೋಳು?"

"ತಪ್ಪಾಯ್ತು ಅಜ್ಜಿ. ಫೋಟೋದಲ್ಲಿ ಹಾಗೇ ಇತ್ತು."

"ಇತ್ತು ಕಣಮ್ಮ, ಅರವತ್ತು ವರ್ಷ ಇತ್ತು! ಮಾತಾಡಿದರೆ ಸಿಳ್ಳೆ ಬರೋದು. ನನ್ನ ತಂಗಿ ನನ್ನನ್ನ ಸಿಳ್ಳೆ ಅಂತಲೇ ಕರೆಯೋಳು. ಅವಳು ಬೇರೆ ದೇಶ ಸೇರಿ ಮೂವತ್ತು ವರ್ಷ ಆಯ್ತು, ಭಾನುವಾರ ಬರ್ತಿದಾಳೆ. ಹಲ್ಲೆಲ್ಲ ಉದುರಿದ್ದೂ ಒಳ್ಳೇದೇ ಆಯ್ತು, ಈ ಸಲ ಅವಳ ಎದುರು ನೆಟ್ಟಗಿನ ಹಲ್ಲಲ್ಲಿ ನಗ್ತೀನಿ ಅಂದುಕೊಂಡಿದ್ದೆ. ಕನ್ನಡಿ ಕೊಟ್ಟರು. ನೋಡಿದರೆ ಅದೇ ಸಂದು! ಆ ಫೋಟೋ ನಾನು ಕೊಟ್ಟಿದ್ದು ಮುಖದ ಅಳತೆಗೆ ಅಂತ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅಜ್ಜಿ ಕರವಸ್ತ್ರದ ಮೇಲಿನಿಂದ ಗುರಾಯಿಸಿ, ಆಮೇಲೆ ತಾವೂ ನಕ್ಕರು. ಅವಳು ಕನ್ನಡಿಯನ್ನು ಅಜ್ಜಿಯ ಕೈಗಿತ್ತು, ದೀಪ ಹಚ್ಚಿದಳು.

ಮುಂದಿನ ಆರು ಹಲ್ಲುಗಳನ್ನು ಬಿಡಿಸಿ, ಅವುಗಳ ಜಾಗಕ್ಕೆ ಮೇಣ ತುಂಬಿ, ಒಂದೊಂದನ್ನೂ ಕೂರಿಸುವ ಮೊದಲು ಕೇಳಿದಳು. ಇಷ್ಟು ಉದ್ದ ಸಾಕಾ? ತುಟಿ ತೆರೆದಾಗ ಇಷ್ಟು ಕಂಡರೆ ಆಗುತ್ತಾ? ಅಂಚು ಚೂಪಾಗಿರಲಾ, ತುಸು ಸವೆದ ಹಾಗಿರಲಾ? ಪದ ಸಿಗದಿದ್ದಾಗ ತನ್ನ ಹಲ್ಲನ್ನೇ ಮುಟ್ಟಿ ತೋರಿಸಿದಳು. ಅಜ್ಜಿ ಬಾಯಿಗಿಟ್ಟುಕೊಂಡು ನೋಡುವುದು, ತೆಗೆಯುವುದು, ಬೇಡ ಎನ್ನುವುದು, ಮತ್ತೆ ನೋಡುವುದು. ಅವಳು ಕೂಡ ಲೆಕ್ಕವಿಲ್ಲದಷ್ಟು ಮಾತಾಡಿದಳು. ಮಗಳ ಹಲ್ಲು ಬಿದ್ದದ್ದು, ಗಂಡ ಚಿಮಟ ಹಿಡಿದು ವಾಚು ಬಿಚ್ಚುವುದು, ಒಂದೇ ಮನೆಯಲ್ಲಿ ಇಬ್ಬರೂ ಚಿಮಟದವರೇ ಆದ್ದರಿಂದ ಬಿದ್ದ ಸೂಜಿ ಯಾರು ಎತ್ತುವುದೆಂದೂ ಜಗಳವಾಗುವುದು. ತನ್ನ ಧ್ವನಿ ತನಗೇ ಪಕ್ಕದ ಮನೆಯವರ ಧ್ವನಿಯ ಹಾಗೆ ಕೇಳಿಸುತ್ತಿತ್ತು.

ಸಂದು ಪೂರ್ತಿ ಮುಚ್ಚಿತು. ಅಜ್ಜಿ ಕನ್ನಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ನೋಡಿಕೊಂಡರು.

"ಚೆನ್ನಾಗಿದೆ. ಆದರೆ..." ಎಂದರು ಅಜ್ಜಿ. "ಈ ಪಕ್ಕದ್ದನ್ನ ಒಂಚೂರು ತಿರುಗಿಸೋಕೆ ಆಗುತ್ತಾ? ಒಳಗಡೆಗೆ."

"ಫೋಟೋದಲ್ಲಿ ಹಾಗಿಲ್ಲವಲ್ಲ ಅಜ್ಜಿ?"

"ನಂದು ಹಾಗಿರಲಿಲ್ಲ. ನಮ್ಮಪ್ಪಂದು ಹಾಗಿತ್ತು."

ಅವಳು ಮೇಣದ ಚಾಕು ಬಿಸಿ ಮಾಡಿ ಆ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದಳು. "ಇಷ್ಟಾ?" "ಇನ್ನೂ ಸ್ವಲ್ಪ." "ಇಷ್ಟು?" ಅಜ್ಜಿ ಕನ್ನಡಿಯ ಜೊತೆ ನಗುತ್ತಿದ್ದರು. ಜಗತ್ತಿನ ಯಾವ ಫೋಟೋ ನೋಡಿದ್ದರೂ ಆ ಒಂದು ಹಲ್ಲು ತನಗೆ ಸಿಗುತ್ತಿರಲಿಲ್ಲ ಎಂದು ಅವಳಿಗೆ ಅನಿಸಿತು. ತಲೆಯೆತ್ತಿದಾಗ ಯಜಮಾನಿ ತಮ್ಮ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಏನೋ.

ಶುಕ್ರವಾರ ಬೆಳಿಗ್ಗೆ ಅವಳು ಬೇಗ ಹೋಗಿ ಅಜ್ಜಿಯ ಸೆಟ್ಟನ್ನು ಪಕ್ಕಾ ಮಾಡಿ, ಪಾಲಿಶ್ ಹಾಕಿ ಕಳಿಸಿದಳು. ಹತ್ತು ಗಂಟೆಗೆ ಯಜಮಾನಿ ಬಂದು ಒಂದು ಹೊಸ ಚೀಟಿಯನ್ನು ಮೇಜಿನ ಮೇಲಿಟ್ಟು ಹೋದರು. ಅವಳು ಓದಿದಳು. ಹಲ್ಲಿನ ಬಣ್ಣದ ಜಾಗ ಖಾಲಿ. ಪಕ್ಕದ ಮೇಜಿನವರು ರಜೆ ಮುಗಿಸಿ ಬಂದಿದ್ದರು, ಅವರ ತಟ್ಟೆ ಕೈಗೆಟುಕುವ ದೂರದಲ್ಲೇ ಇತ್ತು. ಅವಳು ನೋಟ್‌ಬುಕ್ ತೆಗೆದು ಎರಡು ಸಾಲು ಬರೆದುಕೊಂಡು ಫೋನಿನ ಹತ್ತಿರ ಹೋದಳು. ಈ ಸಲ ಒಂದು ಸಾಲು ಬರೆದ ಹಾಗೆಯೇ ಬಾಯಿಂದ ಬಂತು. ಇನ್ನೊಂದನ್ನು ಆಚೆಯವರು, "ಸ್ವಲ್ಪ ನಿಧಾನಕ್ಕೆ ಹೇಳಿ ಪರವಾಗಿಲ್ಲ," ಎಂದು ಕಾದು ಕೇಳಿಸಿಕೊಂಡರು. ಇಷ್ಟೇನಾ ಎನಿಸಿತು. ಐದು ತಿಂಗಳು ಹೆದರಿದ್ದು ಇಷ್ಟಕ್ಕೇನಾ.

ವಾಪಸು ಬಂದಾಗ ಮೇಜಿನ ಮೇಲೆ ಕಾಗದವಿತ್ತು. ಸಹಿ ಇನ್ನೂ ಹಸಿಯಾಗಿತ್ತು. ನಿನ್ನೆ ತಂದ ಸ್ಟೂಲನ್ನು ಯಾರೂ ಸಾಮಾನಿನ ಕೋಣೆಗೆ ಒಯ್ದಿರಲಿಲ್ಲ.

"ಅದು ಅಲ್ಲೇ ಇರಲಿ," ಎಂದರು ಯಜಮಾನಿ ಹಿಂದಿನಿಂದ. "ಇನ್ನು ಮೇಲೆ ಕಷ್ಟದ ಕೇಸುಗಳನ್ನ ಇಲ್ಲಿಗೇ ಕಳಿಸಿ ಅಂತ ಆಸ್ಪತ್ರೆಗೆ ಹೇಳಿದೀನಿ. ಆದರೆ ಮಾತು ಜಾಸ್ತಿ ಆಯ್ತು ಅಂತ ನನ್ನ ಹತ್ತಿರ ದೂರಬೇಡಿ."

"ನಿಮಗೆ..." ಎಂದಳು ಅವಳು. ತುಂಬ ಹೇಳಬೇಕೆಂದಿತ್ತು. "ನಿಮ್ಮ ಉಪಕಾರ ಮರೆಯಲ್ಲ."

"ಮರೀರಿ. ಖಾಲಿ ಜಾಗ ಮಾತ್ರ ಮರೀಬೇಡಿ."

ಆ ಸಂಜೆ ಅವಳು ಅತ್ತಿಗೆಯ ಬಸ್ಸಿಗೇ ಕಾದು ಹತ್ತಿದಳು. ಕಾಗದ ತೋರಿಸಿದಳು. ಡ್ರೈವರ್ ಜೊತೆ ಮಾತಾಡಬಾರದು ಎಂಬ ಫಲಕದ ಕೆಳಗೇ ನಿಂತು, ಐದು ತಿಂಗಳಿಂದ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದಳು. ಆ ಪರದೆಯ ವಿಷಯವನ್ನೂ ಹೇಳಿದಳು. ಅತ್ತಿಗೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಪರದೆ ಸೇಲಲ್ಲಿ ತಗೊಂಡಿದ್ದು ಕಣೆ, ಅದಕ್ಕೇನು," ಎಂದು ಗದರಿ, ಮುಂದಿನ ನಿಲ್ದಾಣದಲ್ಲಿ ಸುಮ್ಮಸುಮ್ಮನೆ ಮೂಗು ಒರೆಸಿಕೊಂಡರು.

ಎರಡು ವಾರದ ಮೇಲೆ ಆಸ್ಪತ್ರೆಯ ಡಬ್ಬಿಯೊಂದರಲ್ಲಿ ಅಜ್ಜಿಯ ಪುಟ್ಟ ಪತ್ರ ಬಂತು. 'ತಂಗಿ ಬಾಗಿಲಲ್ಲೇ ನಿಂತು, ಅಯ್ಯೋ ಅಪ್ಪನ ಹಲ್ಲು ಅಂದಳು. ಸಿಳ್ಳೆ ಅಂತ ಕರೆದದ್ದು ಅವಳಿಗೆ ನೆನಪೇ ಇಲ್ಲವಂತೆ. ನೋಡು, ನಾನೊಬ್ಬಳೇ ಅರವತ್ತು ವರ್ಷ ಹೊತ್ತುಕೊಂಡಿದ್ದೆ.' ಅವಳು ಆ ಪತ್ರವನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದಳು.

ಶಾಲೆ ಶುರುವಾಗಲು ಒಂಬತ್ತು ದಿನವಿದ್ದಾಗ ಗಂಡ ಮತ್ತು ಮಗಳು ಬಂದಿಳಿದರು. ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದು ಸರಿದು ಮುಚ್ಚಿ, ಕೊನೆಗೆ ಸಾಮಾನಿನ ಗಾಡಿಯ ಹಿಂದಿನಿಂದ ಗಂಡನ ತಲೆ ಕಂಡಿತು. "ಏ ಇವಳೇ, ಇಲ್ಲಿ!" ಎಂದ, ಅವಳು ಎರಡು ಮಾರು ದೂರದಲ್ಲಿದ್ದರೂ ಕೈ ಬೀಸುತ್ತ. ಅತ್ತಿಗೆ ಆಗಲೇ ತಮ್ಮನ ಕಿವಿ ಹಿಂಡುತ್ತಿದ್ದರು. "ಎಷ್ಟು ಸೊರಗಿದೀಯೋ! ಏನು ತಿಂತಿದ್ದೆ, ವಾಚಿನ ಮುಳ್ಳಾ?"

ಪಟಾಕಿ ಮಾತ್ರ ಸದ್ದಿಲ್ಲದೆ ನಿಂತಿದ್ದಳು. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ದಾರಿಯುದ್ದಕ್ಕೂ ಹೀಗೇ," ಎಂದ ಗಂಡ. "ಹೊಸ ಹಲ್ಲು ಬರ್ತಿದೆ, ಸೊಟ್ಟಗಿದೆ ಅಂತ ಶಾಲೇಲಿ ಯಾರೋ ಅಂದರಂತೆ. ಹತ್ತು ದಿನದಿಂದ ಫೋನಲ್ಲೂ ಬಾಯಿ ತೋರಿಸಿಲ್ಲ, ಗಮನಿಸಿದ್ಯಾ? ಕೈ ತೆಗೆಸು, ನೀನು ತಾನೇ ಹಲ್ಲಿನೋಳು."

ಅವಳು ಮಗಳ ಎದುರು ಮಂಡಿಯೂರಿ ಕೂತಳು. ಕೈ ತೆಗೆಸಲು ಹೋಗಲಿಲ್ಲ.

"ತೋರಿಸ್ತೀಯಾ?" ಎಂದು ಕೇಳಿದಳು. "ನಿನಗೆ ಬೇಡ ಅಂದರೆ ಬೇಡ."

ಮಗಳು ಯೋಚಿಸಿದಳು. "ನಗಬಾರದು."

"ನಗಲ್ಲ."

"ದೇವರಾಣೆ?"

"ದೇವರಾಣೆ."

ಕೈ ಮೆಲ್ಲಗೆ ಇಳಿಯಿತು. ಒಂದು ಹಲ್ಲು ಮುಕ್ಕಾಲು ಬಂದಿತ್ತು, ಪುಟ್ಟ ಬಾಯಿಗೆ ತೀರ ದೊಡ್ಡದಾಗಿ, ತುಸು ಪಕ್ಕಕ್ಕೆ ತಿರುಗಿ. ಇನ್ನೊಂದರದ್ದು ಬರೀ ಬಿಳಿಯ ಅಂಚು. ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ವರ್ಷ ಕಳೆದಂತೆ ಅದು ತಾನಾಗಿ ಕೂಡಿಕೊಳ್ಳುವ ಸಂದು ಎಂದು ಅವಳ ಕಸುಬಿನ ಕಣ್ಣಿಗೆ ನೋಡಿದೊಡನೆ ತಿಳಿಯಿತು. ಅದನ್ನು ಆಮೇಲೆ ಹೇಳಿದರಾಯಿತು.

"ನಿನಗೆ ಹೇಗನಿಸುತ್ತೆ?" ಎಂದಳು.

ಇದನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಪಟಾಕಿ ಆ ಸಂದಿಗೆ ನಾಲಿಗೆ ತೂರಿಸಿ ನೋಡಿಕೊಂಡಳು. ಆಮೇಲೆ ಕೆನ್ನೆ ಉಬ್ಬಿಸಿ ಊದಿದಳು. ಸಣ್ಣದಾಗಿ, ಚೊಕ್ಕವಾಗಿ ಒಂದು ಸಿಳ್ಳೆ ಹೊರಟಿತು.

"ಇದಕ್ಕೆ ಚೆನ್ನಾಗಿದೆ," ಎಂದಳು. ಅವಳ ಬಾಯಿ ಮತ್ತೆ ಮುಚ್ಚಲಿಲ್ಲ. ವಿಮಾನದಲ್ಲಿ ಕಂಡದ್ದು, ಅಪ್ಪ ಗೊರಕೆ ಹೊಡೆದದ್ದು, ಪಕ್ಕದ ಸೀಟಿನವರು ಬೈದದ್ದು, ಎಲ್ಲವೂ ಒಂದರ ಮೇಲೊಂದು ಸಿಡಿಯತೊಡಗಿದವು. ಅತ್ತಿಗೆ ಗಾಡಿ ತಳ್ಳಿಕೊಂಡು ಮುಂದೆ ನಡೆದರು, ತಮ್ಮನನ್ನು ಬಯ್ಯುತ್ತ. ತಾಯಿ ಮಗಳು ಕೈ ಹಿಡಿದುಕೊಂಡು ಹಿಂದೆ ಬಂದರು. ಒಬ್ಬಳು ಹೇಳುತ್ತಿದ್ದಳು, ಇನ್ನೊಬ್ಬಳು ನಡುನಡುವೆ ನಿಲ್ಲಿಸಿ, "ಆಮೇಲೆ? ಅದು ಯಾಕೆ ಹಾಗಾಯ್ತು?" ಎಂದು ಒಂದೊಂದಾಗಿ ಕೇಳುತ್ತಿದ್ದಳು.